ರೇಟು ಗಿಟ್ಟಿತು ಸರಿ, ಒದಗುತ್ತಾ?

2024ರ ಆಷಾಢ. ಹಬ್ಬಗಳು ಶುರುವಾಗುವ ಮುಂಚೆ ಉಗ್ರಾಣ ಒಮ್ಮೆ ಒರೆಸಿಬಿಡೋಣ ಅಂತ ಕೂತೆ. ಅಕ್ಕಿ ಡಬ್ಬದ ಮುಚ್ಚಳ ತೆಗೆದರೆ ಒಳಗೆ ಬಲೆ ಕಟ್ಟಿತ್ತು. ಕೈ ಹಾಕಿದರೆ ಅಕ್ಕಿ ಗಂಟು ಗಂಟಾಗಿ ಮೇಲೆ ಬಂತು. ಬಿಳಿ ಹುಳ, ಜೊತೆಗೆ ಕಪ್ಪು ನುಸಿ. ಮೊರದಲ್ಲಿ ಕೇರಿ ಬಿಸಿಲಿಗೆ ಹಾಕಿದರೆ ಉಳಿದೀತು ಅಂದುಕೊಂಡೆ. ಆದರೆ ಮೂರು ದಿನದಿಂದ ಜಿಟಿ ಜಿಟಿ ಮಳೆ, ಬಿಸಿಲಿನ ಸುಳಿವೇ ಇಲ್ಲ. ತೂಕ ಹಾಕಿದೆ. 5 ಕೆಜಿ ಇತ್ತು. ಹಿಂದಿನ ಬೀದಿಯಲ್ಲಿ ಹಸು ಸಾಕುವವರಿಗೆ ಕೊಟ್ಟು ಬಂದೆ.

ಆ ಮೂಟೆಯನ್ನು ನಾನು ಬಹಳ ಲೆಕ್ಕ ಹಾಕಿಯೇ ತಂದಿದ್ದೆ. ನಮ್ಮ ಬೀದಿಯ ಶೆಟ್ಟರ ಅಂಗಡಿಯಲ್ಲಿ ಅದೇ ತರದ ಸೋನಾ ಮಸೂರಿ ಕೆಜಿಗೆ ₹64. ಹೋಲ್‌ಸೇಲ್ ಅಂಗಡಿಯಲ್ಲಿ 26 ಕೆಜಿ ಮೂಟೆ ತೆಗೆದುಕೊಂಡರೆ ಕೆಜಿಗೆ ₹58 ಬೀಳುತ್ತಿತ್ತು. ಮೂಟೆಗೆ ₹1,508. ಉಳಿತಾಯ ₹156. ಖುಷಿಯಿಂದಲೇ ಆಟೋದಲ್ಲಿ ಹಾಕಿಸಿಕೊಂಡು ಬಂದಿದ್ದೆ. ಈಗ 5 ಕೆಜಿ ಹಸುವಿಗೆ ಹೋಯಿತು. ನಾವು ಉಂಡದ್ದು 21 ಕೆಜಿ. ಕೊಟ್ಟ ₹1,508 ಅನ್ನು 21ರಿಂದ ಭಾಗಿಸಿ ನೋಡಿದೆ. ಉಂಡ ಅಕ್ಕಿಗೆ ಕೆಜಿಗೆ ಹತ್ತಿರ ಹತ್ತಿರ ₹72 ಬಿತ್ತು. ಇದರಲ್ಲಿ ಆಟೋ ಖರ್ಚು ಸೇರಿಸಿಲ್ಲ.

ಅವತ್ತು ರಾತ್ರಿ ನಮ್ಮ ಮಾವನವರು ತುಂಬಾ ನೆನಪಾದರು. ತುಮಕೂರು ಕಡೆಯ ಒಕ್ಕಲು ಮನೆತನದವರು. ನಾನು ಏನೇ ಸಾಮಾನು ಅಗ್ಗ ಅಂತ ತಂದರೂ ಅವರದು ಒಂದೇ ಪ್ರಶ್ನೆ. "ಏನಮ್ಮಾ, ರೇಟು ಗಿಟ್ಟಿತು ಸರಿ, ಒದಗುತ್ತಾ?"

ಗಿಟ್ಟುವುದು ಬೇರೆ, ಒದಗುವುದು ಬೇರೆ. ಅಗ್ಗಕ್ಕೆ ಸಿಕ್ಕರೆ ಗಿಟ್ಟಿತು, ತಂದದ್ದು ಪೂರಾ ಬಳಕೆಗೆ ಬಂದು ಹೆಚ್ಚು ದಿನ ಸಾಕಾದರೆ ಒದಗಿತು. ಅಂಗಡಿಯಲ್ಲಿ ನಿಂತಾಗ ನಮಗೆ ಕಾಣುವುದು ಗಿಟ್ಟುವುದು ಮಾತ್ರ. ಒದಗುತ್ತದೋ ಇಲ್ಲವೋ ಅನ್ನುವುದು ಮನೆಗೆ ಬಂದ ಮೇಲೆ, ಒಲೆ ಮೇಲೆ ಇಟ್ಟ ಮೇಲೆ, ಡಬ್ಬದ ತಳ ಕಾಣುವಾಗ ಗೊತ್ತಾಗುತ್ತದೆ. ಇಪ್ಪತ್ತು ವರ್ಷ ಹೋಲ್‌ಸೇಲ್ ಅಂಗಡಿಗಳನ್ನು ಸುತ್ತಿದ ಮೇಲೆ ಇದನ್ನೊಮ್ಮೆ ಬರೆದಿಡಬೇಕು ಅನ್ನಿಸಿದೆ.

ಬೆಂಗಳೂರಿಗೆ ಜರ್ಮನಿಯ ಮೆಟ್ರೋ ಕ್ಯಾಶ್ ಅಂಡ್ ಕ್ಯಾರಿ ಬಂದದ್ದು 2003ರಲ್ಲಿ. ಇಡೀ ದೇಶದಲ್ಲಿ ಅವರ ಮೊದಲ ಮಳಿಗೆಗಳು ನಮ್ಮ ಊರಲ್ಲೇ ತೆರೆದವು. ಅದರಲ್ಲಿ ಒಂದು ಯಶವಂತಪುರದಲ್ಲಿ. ಅಲ್ಲಿಗೆ ಯಾರು ಬೇಕಾದರೂ ಹೋಗುವ ಹಾಗಿರಲಿಲ್ಲ, ವ್ಯಾಪಾರ ಇದ್ದವರಿಗೆ ಮಾತ್ರ ಕಾರ್ಡ್. ನಮ್ಮ ಯಜಮಾನರದು ಆಗ ಒಂದು ಸಣ್ಣ ಸ್ಟೇಷನರಿ ಅಂಗಡಿ ಇತ್ತು. ಲೈಸೆನ್ಸ್ ತೋರಿಸಿ ಕಾರ್ಡ್ ಮಾಡಿಸಿದರು. ಮೊದಲ ಸಲ ಒಳಗೆ ಹೋದಾಗ ಆ ಎತ್ತರದ ಕಬ್ಬಿಣದ ರ್‍ಯಾಕುಗಳು, ಸೂರಿನವರೆಗೆ ಜೋಡಿಸಿದ ಮೂಟೆಗಳನ್ನು ನೋಡಿ ಸುಮ್ನೆ ನಿಂತುಬಿಟ್ಟಿದ್ದೆ. 2023ರಲ್ಲಿ ರಿಲಯನ್ಸ್ ರಿಟೇಲ್ ಅದನ್ನು ₹2,850 ಕೋಟಿಗೆ ಕೊಂಡುಕೊಂಡಿತು. ಅಷ್ಟರಲ್ಲಿ ಡಿಮಾರ್ಟ್‌ನಂಥವು ಬಡಾವಣೆಗೊಂದು ಬಂದಿದ್ದವು. ಕಾರ್ಡೂ ಬೇಡ, ಲೈಸೆನ್ಸೂ ಬೇಡ.

ಕಾರ್ಡ್ ಮಾಡಿಸಿದ ಆ ಕಾಲಕ್ಕೆ ನಮ್ಮ ಮನೆಯಲ್ಲಿ ಆರು ಜನ. ಅತ್ತೆ, ಮಾವ, ನಾವಿಬ್ಬರು, ಇಬ್ಬರು ಮಕ್ಕಳು. ಬರುವ ಹೋಗುವ ನೆಂಟರು ಬೇರೆ. 25 ಕೆಜಿ ಮೂಟೆ ತಿಂಗಳಿಗೆ ಸರಿಹೋಗುತ್ತಿತ್ತು. ಹುಳ ಬೀಳುವುದಕ್ಕೆ ಪುರಸೊತ್ತೇ ಇರಲಿಲ್ಲ. ಸೋಪು, ಬಟ್ಟೆ ಒಗೆಯುವ ಪುಡಿ, ಸಕ್ಕರೆ, ಅವಲಕ್ಕಿ ಎಲ್ಲ ದೊಡ್ಡ ಪ್ಯಾಕೇ ತರುತ್ತಿದ್ದೆ, ಎಲ್ಲವೂ ಗಿಟ್ಟುತ್ತಿತ್ತು, ಎಲ್ಲವೂ ಒದಗುತ್ತಿತ್ತು. ಹೀಗೆ ಸಗಟಾಗಿ ತಂದು ಇಡುವುದು ನಮಗೆ ಹೊಸದೂ ಅಲ್ಲ. ನಮ್ಮ ಅಮ್ಮ ಬೇಸಿಗೆಯಲ್ಲೇ ವರ್ಷದ ಹುಣಸೆಹಣ್ಣು, ಬ್ಯಾಡಗಿ ಮೆಣಸಿನಕಾಯಿ, ತೊಗರಿಬೇಳೆ ತರಿಸುತ್ತಿದ್ದಳು. ಆದರೆ ತರಿಸಿ ಸುಮ್ಮನಾಗುತ್ತಿರಲಿಲ್ಲ. ಬೇಳೆಗೆ ಹರಳೆಣ್ಣೆ ಸವರಿ ಒಣಗಿಸುತ್ತಿದ್ದಳು. ಹುಣಸೆಹಣ್ಣಿನ ಬೀಜ ಬಿಡಿಸಿ ಉಪ್ಪು ಹಾಕಿ ಗಡಿಗೆಯಲ್ಲಿ ಅದುಮುತ್ತಿದ್ದಳು. ರವೆ ಹುರಿದೇ ಡಬ್ಬಕ್ಕೆ ಹೋಗುತ್ತಿತ್ತು. ಅಕ್ಕಿಗೆ ಬೇವಿನ ಸೊಪ್ಪು. ಎಂಟು ಹತ್ತು ದಿನದ ಕೆಲಸ ಅದು. ಅಗ್ಗದ ರೇಟಿನ ಹಿಂದೆ ಆ ಕೆಲಸವೂ ಇತ್ತು. ಈಗ ನಾವು ರೇಟು ಮಾತ್ರ ತರುತ್ತೇವೆ, ಕೆಲಸ ತರುವುದಿಲ್ಲ.

ಆ ಮೂಟೆ 25 ಹೋಗಿ 26 ಆದದ್ದಕ್ಕೆ ಒಂದು ಕಾರಣ ಇದೆ. 2022ರ ಜುಲೈ 18ರಿಂದ ಪ್ಯಾಕ್ ಮಾಡಿ ಲೇಬಲ್ ಹಚ್ಚಿದ ಅಕ್ಕಿ, ಬೇಳೆ, ಹಿಟ್ಟಿಗೆ 5% ಜಿಎಸ್‌ಟಿ ಬಂತು. 25 ಕೆಜಿವರೆಗಿನ ಪ್ಯಾಕಿಗೆ ಮಾತ್ರ. ಅದಕ್ಕಿಂತ ದೊಡ್ಡದಕ್ಕೆ ಇಲ್ಲ, ಚಿಲ್ಲರೆಯಾಗಿ ತೂಗಿ ಕೊಡುವುದಕ್ಕೂ ಇಲ್ಲ. ಆಮೇಲೆ ಅಂಗಡಿಗಳಲ್ಲಿ 26 ಕೆಜಿ ಮೂಟೆ ಕಾಣಿಸಿಕೊಂಡಿತು. ₹1,500ರ ಅಕ್ಕಿಗೆ ₹75 ತೆರಿಗೆ ಉಳಿಯಿತು. ಆದರೆ ಯೋಚನೆ ಮಾಡಿ. 5 ಕೆಜಿ, 10 ಕೆಜಿ ಪ್ಯಾಕ್ ತರುವ ಸಣ್ಣ ಸಂಸಾರ ತೆರಿಗೆ ಕೊಡಬೇಕು. 26 ಕೆಜಿಗೆ ಒಟ್ಟಿಗೆ ದುಡ್ಡು ಹೊಂದಿಸಬಲ್ಲ, ಹೊತ್ತು ತರಬಲ್ಲ ಸಂಸಾರ ಕೊಡಬೇಕಿಲ್ಲ. ಇದು ನನಗೆ ಇವತ್ತಿಗೂ ಸರಿ ಅನ್ನಿಸಿಲ್ಲ. ಒಬ್ಬರೇ ಇರುವ ವಯಸ್ಸಾದವರು 26 ಕೆಜಿ ಅಕ್ಕಿ ಇಟ್ಟುಕೊಂಡು ಏನು ಮಾಡಬೇಕು?

ಎಣ್ಣೆ ವಿಷಯದಲ್ಲಿ ನನ್ನ ಕಣ್ಣು ತೆರೆಸಿದವರು ಮಗಳ ಮದುವೆಯ ಅಡುಗೆಯವರು. ಎಣ್ಣೆ ಟಿನ್ ನಾವೇ ತಂದುಕೊಡುತ್ತೇವೆ ಅಂದಿದ್ದೆವು. ಎರಡು ಅಂಗಡಿಯಲ್ಲಿ ವಿಚಾರಿಸಿ, ಟಿನ್‌ಗೆ ₹90 ಕಡಿಮೆ ಇದ್ದ ಕಡೆ ತೆಗೆದುಕೊಂಡೆವು. ಅವರು ಟಿನ್ನನ್ನು ಒಂದು ಸುತ್ತು ತಿರುಗಿಸಿ ನೋಡಿದರು. "ಅಮ್ಮಾ, ಇದು 15 ಲೀಟರ್ ಟಿನ್ನು. ನೀವು ಹೋಲಿಸಿ ನೋಡಿದ್ದು 15 ಕೆಜಿ ಟಿನ್ನಿಗೆ ಇರಬೇಕು, ಒಮ್ಮೆ ಕೇಳಿ" ಅಂದರು. ಫೋನ್ ಮಾಡಿ ಕೇಳಿದರೆ ಅದು ನಿಜ. ಒಂದು ಲೀಟರ್ ಅಡುಗೆ ಎಣ್ಣೆ ಸುಮಾರು 910 ಗ್ರಾಂ ತೂಗುತ್ತದೆ. 15 ಲೀಟರ್ ಅಂದರೆ 13 ಕೆಜಿ 650 ಗ್ರಾಂ. 15 ಕೆಜಿ ಟಿನ್‌ನಲ್ಲಿ ಹದಿನಾರೂವರೆ ಲೀಟರ್ ಹತ್ತಿರ ಇರುತ್ತದೆ. ನೋಡುವುದಕ್ಕೆ ಎರಡೂ ಟಿನ್ ಹೆಚ್ಚು ಕಮ್ಮಿ ಒಂದೇ. ₹90 ಉಳಿಸಿದೆ ಅಂದುಕೊಂಡವಳು ಒಂದೂವರೆ ಲೀಟರ್ ಎಣ್ಣೆ ಬಿಟ್ಟು ಬಂದಿದ್ದೆ.

ಅಲ್ಲಿಂದ ಮುಂದೆ ಪಾಕೆಟ್ ಎಣ್ಣೆಯನ್ನೂ ತಿರುಗಿಸಿ ನೋಡುತ್ತೇನೆ. ಲೀಟರ್ ಪಾಕೆಟ್ ತರವೇ ಕಾಣುವ, ಪಕ್ಕದಲ್ಲೇ ಇಟ್ಟಿರುವ ಇನ್ನೊಂದು ಪಾಕೆಟ್‌ನಲ್ಲಿ 870 ಗ್ರಾಂ, 850 ಗ್ರಾಂ ಅಂತ ಇರುತ್ತದೆ. ₹5 ಕಡಿಮೆ ಅಂತ ಕೈ ಅದಕ್ಕೇ ಹೋಗುತ್ತದೆ. ತುಪ್ಪದಲ್ಲೂ ಹೀಗೇ. ಒಂದು ಬ್ರ್ಯಾಂಡು ಲೀಟರ್ ಲೆಕ್ಕ, ಇನ್ನೊಂದು ಕೆಜಿ ಲೆಕ್ಕ. ಲೀಟರ್ ತುಪ್ಪ ಕೆಜಿ ತುಪ್ಪಕ್ಕಿಂತ ಕಡಿಮೆ ಅಂತ ಗೊತ್ತಿಲ್ಲದೆ ಎರಡರ ಬೆಲೆ ಪಕ್ಕ ಪಕ್ಕ ಇಟ್ಟು ನೋಡಿದರೆ ಪ್ರಯೋಜನ ಇಲ್ಲ.

ಈ ತೊಂದರೆಗೆ ಸರ್ಕಾರ ಒಂದು ದಾರಿ ಮಾಡಿದೆ. ತೂಕ, ಅಳತೆಯ ನಿಯಮಗಳಿಗೆ 2021ರಲ್ಲಿ ತಿದ್ದುಪಡಿ ತಂದು, ಪ್ಯಾಕಿನ ಮೇಲೆ ಎಂಆರ್‌ಪಿ ಜೊತೆಗೆ ಗ್ರಾಂಗೆ ಎಷ್ಟು, ಕೆಜಿಗೆ ಎಷ್ಟು ಅಂತಲೂ ಹಾಕಬೇಕು ಅಂದರು. ಎಂಆರ್‌ಪಿ ಪಕ್ಕದಲ್ಲಿ ಸಣ್ಣದಾಗಿ ಯುಎಸ್‌ಪಿ (ಯೂನಿಟ್ ಸೇಲ್ ಪ್ರೈಸ್) ಅಂತ ಇರುತ್ತದಲ್ಲ, ಅದೇ. ಒಳ್ಳೆಯ ಕೆಲಸ. ನಾನು ಮನಸಾರೆ ಮೆಚ್ಚುತ್ತೇನೆ. ಆದರೆ ಅದನ್ನು ಓದುವುದಕ್ಕೂ ಒಂದಿಷ್ಟು ಅಭ್ಯಾಸ ಬೇಕು. ಒಂದು ಕೆಜಿಗಿಂತ ಸಣ್ಣ ಪ್ಯಾಕಾದರೆ ಗ್ರಾಂ ಲೆಕ್ಕ, ದೊಡ್ಡದಾದರೆ ಕೆಜಿ ಲೆಕ್ಕ. ಅರ್ಧ ಕೆಜಿ ಬೇಳೆಯ ಮೇಲೆ ₹0.18 ಅಂತ ಇರುತ್ತದೆ, 2 ಕೆಜಿ ಪ್ಯಾಕಿನ ಮೇಲೆ ₹178 ಅಂತ ಇರುತ್ತದೆ. ಸಾವಿರದಿಂದ ಗುಣಿಸಿದರೆ ಸಣ್ಣದು ₹180, ಹತ್ತಿರ ಹತ್ತಿರ ಒಂದೇ ಅನ್ನಿಸುತ್ತದೆ. ಆದರೆ ಆ ಅರ್ಧ ಕೆಜಿ ಪ್ಯಾಕಿನ ಬೆಲೆ ₹92. ಅಂದರೆ ಕೆಜಿಗೆ ₹184. ಗ್ರಾಂಗೆ ₹0.184 ಅನ್ನುವುದನ್ನು ಎರಡು ಅಂಕಿಗೆ ನಿಲ್ಲಿಸಿದ್ದರಿಂದ ₹4 ಕಾಣದೆ ಹೋಯಿತು. ಗ್ರಾಂಗೆ ಒಂದು ಪೈಸೆ ಅಂದರೆ ಕೆಜಿಗೆ ₹10 ಅಲ್ವಾ? ಇನ್ನೊಂದು, ಅಲ್ಲಿ ಹಾಕಿರುವುದು ಎಂಆರ್‌ಪಿಯ ಲೆಕ್ಕ. ಅಂಗಡಿಯವರು ಕಡಿಮೆ ಮಾಡಿ ಕೊಡುವ ರೇಟಿನ ಲೆಕ್ಕ ಅದಲ್ಲ. ಹಾಗಾಗಿ ನಾನು ಮೊಬೈಲ್ ತೆಗೆದು ನಾವು ಕೊಡುವ ದುಡ್ಡನ್ನೇ ತೂಕದಿಂದ ಭಾಗಿಸುತ್ತೇನೆ. ಹಿಂದೆ ನಿಂತವರು ಅವಸರ ಮಾಡಿದರೆ ಪಕ್ಕಕ್ಕೆ ಸರಿದು ಮಾಡುತ್ತೇನೆ.

ದೊಡ್ಡ ಪ್ಯಾಕು ಯಾವಾಗಲೂ ಅಗ್ಗ ಅನ್ನುವುದೂ ನಿಜ ಅಲ್ಲ. ಶಾಂಪೂ ತೆಗೆದುಕೊಳ್ಳಿ. ಒಂದು ಸಲ ಕೂತು ಲೆಕ್ಕ ಹಾಕಿದೆ. ನಾವು ಬಳಸುವ ಬ್ರ್ಯಾಂಡಿನ ದೊಡ್ಡ ಬಾಟಲಿಯಲ್ಲಿ ಮಿಲೀ ಒಂದಕ್ಕೆ ಬೀಳುವ ಬೆಲೆಯ ಅರ್ಧವೂ ಸ್ಯಾಚೆಟ್‌ನಲ್ಲಿ ಬೀಳಲಿಲ್ಲ. ಬೇರೆ ಸಾಮಾನಿಗೆಲ್ಲ ಒಂದು ನಿಯಮ, ಇದಕ್ಕೆ ಉಲ್ಟಾ. ದಿನಗೂಲಿಯವರು ಅವತ್ತಿನ ದುಡ್ಡಲ್ಲಿ ಅವತ್ತಿಗೆ ಬೇಕಾದ್ದನ್ನು ಕೊಳ್ಳುತ್ತಾರೆ. ₹1, ₹2 ದಾಟಿದರೆ ಅವರು ಬಿಟ್ಟು ಬೇರೆಯದಕ್ಕೆ ಹೋಗುತ್ತಾರೆ. ಅಲ್ಲಿ ಕಂಪನಿಗಳ ನಡುವೆ ಪೈಪೋಟಿ ಜೋರು. ಬಾಟಲಿ ಕೊಳ್ಳುವ ನಮ್ಮಂಥವರು ಮಿಲೀ ಲೆಕ್ಕ ಕೇಳುವುದಿಲ್ಲ. ಸ್ಯಾಚೆಟ್‌ನಿಂದ ಪ್ಲಾಸ್ಟಿಕ್ ಕಸ ಜಾಸ್ತಿ ಅನ್ನುವುದು ನಿಜ. ಅದಕ್ಕೇ ನಾನು ಬಾಟಲಿಗೇ ನಿಂತಿದ್ದೇನೆ. ಆದರೆ ಅಗ್ಗ ಅಂತ ಅಲ್ಲ, ಕಸ ಬೇಡ ಅಂತ. ಯಾವುದಕ್ಕೆ ದುಡ್ಡು ಕೊಡುತ್ತಿದ್ದೇನೆ ಅಂತ ನನಗೆ ಗೊತ್ತಿರಬೇಕು, ಅಷ್ಟೇ.

ಬಿಲ್ಲಿನ ಕೊನೆಯಲ್ಲಿ "ನೀವು ಇಂದು ಉಳಿಸಿದ್ದು ₹412" ಅಂತ ಬರುತ್ತದೆ. ಅದು ಎಂಆರ್‌ಪಿಗೆ ಹೋಲಿಸಿದ ಉಳಿತಾಯ. ನಮ್ಮ ಶೆಟ್ಟರೂ ಎಂಆರ್‌ಪಿಗೆ ಕೊಡುವುದಿಲ್ಲ. ಕೇಳದೇ ಇದ್ದರೂ ಎರಡು ಮೂರು ರೂಪಾಯಿ ಬಿಟ್ಟೇ ಬರೆಯುತ್ತಾರೆ. ಒಂದು ತಿಂಗಳು ಹಟ ಹಿಡಿದು ಎರಡೂ ಕಡೆಯ ರೇಟು ಪುಸ್ತಕದಲ್ಲಿ ಬರೆದೆ. ₹400 ಉಳಿತಾಯ ಅಂತ ಬಿಲ್ಲು ಹೇಳಿದ ದಿನ ಶೆಟ್ಟರ ಅಂಗಡಿಗಿಂತ ನನಗೆ ಉಳಿದದ್ದು ₹130. ಅದೂ ಪಟ್ಟಿಯಲ್ಲಿ ಇಲ್ಲದ ಬಿಸ್ಕತ್ತು, ಪ್ಲಾಸ್ಟಿಕ್ ಡಬ್ಬ ಬಿಟ್ಟು ಲೆಕ್ಕ ಹಾಕಿದರೆ. ಒಂದು ಹೋಲ್‌ಸೇಲ್ ಅಂಗಡಿಯಲ್ಲಂತೂ ರ್‍ಯಾಕಿನ ಮೇಲೆ ದಪ್ಪ ಅಕ್ಷರದಲ್ಲಿ ಇದ್ದದ್ದು ತೆರಿಗೆ ಬಿಟ್ಟ ಬೆಲೆ. ತೆರಿಗೆ ಸೇರಿದ್ದು ಕೆಳಗೆ ಸಣ್ಣದಾಗಿ. ಮೂರು ಸಲ ಬಿಲ್ಲು ಜಾಸ್ತಿ ಬಂದ ಮೇಲೆ ಅದು ನನ್ನ ಕಣ್ಣಿಗೆ ಬಿತ್ತು. ವ್ಯಾಪಾರಸ್ಥರಿಗೆ ಆ ಪದ್ಧತಿ ಸರಿ ಇರಬಹುದು. ಮನೆಗೆ ಕೊಳ್ಳುವವರಿಗೆ ಅದನ್ನು ಬಾಯಿಬಿಟ್ಟು ಹೇಳಬೇಕಿತ್ತು.

ಅಕ್ಕಿಗೆ ಹುಳ ಬಿದ್ದ 2024ರಲ್ಲೇ ದೀಪಾವಳಿ ಮುಗಿಸಿ ಸಿಯಾಟಲ್ ಹತ್ತಿರ ಇರುವ ಮಗಳ ಮನೆಗೆ ಹೋದೆವು. ಅಲ್ಲಿ ಶನಿವಾರ ಬಂದರೆ ಕಾಸ್ಟ್‌ಕೋ, ಶುಲ್ಕ ಕಟ್ಟಿ ಕಾರ್ಡ್ ಮಾಡಿಸಿದ ಸದಸ್ಯರಿಗೆ ಮಾರುವ ದೊಡ್ಡ ಹೋಲ್‌ಸೇಲ್ ಅಂಗಡಿ. ಆ ಕಂಪನಿಯ ಮೊದಲ ಮಳಿಗೆ 1983ರಲ್ಲಿ ತೆರೆದದ್ದು ಸಿಯಾಟಲ್‌ನಲ್ಲೇ. ಕರ್ಕ್‌ಲ್ಯಾಂಡ್ ಅನ್ನುವ ಅವರ ಸ್ವಂತ ಬ್ರ್ಯಾಂಡು ಇದೆಯಲ್ಲ, ಅದು ಪಕ್ಕದ ಊರಿನ ಹೆಸರು. ಮುಂಚೆ ಅವರ ಮುಖ್ಯ ಕಚೇರಿ ಅಲ್ಲಿತ್ತಂತೆ. ಅಲ್ಲಿ ನನಗೆ ತುಂಬಾ ಹಿಡಿಸಿದ್ದು ಬೆಲೆ ಚೀಟಿ. ಪೌಂಡಿಗೆ ಎಷ್ಟು, ಔನ್ಸಿಗೆ ಎಷ್ಟು ಅಂತ ಅವರು ಮಾರುವ ಬೆಲೆಗೇ ಲೆಕ್ಕ ಹಾಕಿ ಚೀಟಿಯಲ್ಲೇ ಹಾಕಿರುತ್ತಾರೆ. ಗುಣಾಕಾರ ಭಾಗಾಕಾರ ನಮ್ಮ ತಲೆಗೆ ಬಿಡುವುದಿಲ್ಲ. ಸಾಮಾನಿನ ಬಗೆಯೂ ಕಡಿಮೆ, ಒಟ್ಟು ನಾಲ್ಕು ಸಾವಿರದ ಆಸುಪಾಸು. ಕೊಂಡ ಬೆಲೆಯ ಮೇಲೆ 14 - 15%ಗಿಂತ ಜಾಸ್ತಿ ಇಡುವುದಿಲ್ಲ ಅನ್ನುವುದು ಅವರ ಪದ್ಧತಿ. ಲಾಭದಲ್ಲಿ ದೊಡ್ಡ ಪಾಲು ಬರುವುದು ಸದಸ್ಯರ ಶುಲ್ಕದಿಂದ.

ಆ ಶುಲ್ಕ ಆ ಸೆಪ್ಟೆಂಬರ್‌ನಲ್ಲಷ್ಟೇ 60 ಡಾಲರಿನಿಂದ 65 ಆಗಿತ್ತು. ದೊಡ್ಡ ಕಾರ್ಡಿಗೆ 130, ಅದರಲ್ಲಿ ಕೊಂಡದ್ದರ ಮೇಲೆ 2% ವಾಪಸ್ ಬರುತ್ತದೆ. ಮಗಳು ದೊಡ್ಡ ಕಾರ್ಡು ಮಾಡಿಸಿದ್ದಳು. ಕಾಗದದ ಮೇಲೆ ಲೆಕ್ಕ ಹಾಕಿ ತೋರಿಸಿದೆ. ಹೆಚ್ಚಿಗೆ ಕೊಡುವ 65 ಡಾಲರ್ ವಾಪಸ್ ಬರಬೇಕಾದರೆ ವರ್ಷಕ್ಕೆ 3,250 ಡಾಲರಿನ ಸಾಮಾನು ಕೊಳ್ಳಬೇಕು. ತಿಂಗಳಿಗೆ 270. ಇಬ್ಬರೇ ಇರುವ ಮನೆಗೆ ಅಷ್ಟು ಬೇಕಾ? ಅವಳು ಹಳೆಯ ಬಿಲ್ಲುಗಳನ್ನೆಲ್ಲ ತೆಗೆದು ನೋಡಿದಳು. 190, 210 ಹೀಗಿತ್ತು. ಮುಂದಿನ ಸಲ ಸಣ್ಣ ಕಾರ್ಡಿಗೆ ಬದಲಾಯಿಸಿದಳು.

ಅವಳ ಫ್ರಿಜ್‌ನಲ್ಲಿ ದೊಡ್ಡ ಡಬ್ಬದ ತುಂಬ ಪಾಲಕ್ ಸೊಪ್ಪು. ಅರ್ಧ ಕರಗಿ ನೀರಾಗಿತ್ತು. "ಅಮ್ಮಾ, ಬೇರೆ ಕಡೆಗಿಂತ ಪೌಂಡಿಗೆ ಅರ್ಧ ಬೆಲೆ ಕಣಮ್ಮ" ಅಂದಳು. "ಅರ್ಧ ಎಸೆದರೆ ಅದೇ ಬೆಲೆ ಆಯ್ತಲ್ಲೇ" ಅಂದೆ. ಅಂದ ಮೇಲೆ ನನಗೇ ಹಸುವಿಗೆ ಕೊಟ್ಟ ಅಕ್ಕಿ ನೆನಪಾಯಿತು. ಅವಳಿಗೂ ಹೇಳಿದೆ. ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆವು. ಅವಳು ಆರು ಜನರ ಮನೆಯಲ್ಲಿ ಬೆಳೆದ ಹುಡುಗಿ. ಅವಳ ಕೈಗೆ ಆ ಅಳತೆಯೇ ಬಂದಿದೆ. ನನ್ನ ಕೈಗೂ ಅದೇ.

ಆಗ ನನಗೆ ಒಂದು ವಿಷಯ ತಿಳಿಯಿತು. ಮಾವ ಹೋಗಿ ಎಂಟು ವರ್ಷ, ಅತ್ತೆ ಹೋಗಿ ಆರು. ಮಗಳು ಸಿಯಾಟಲ್‌ನಲ್ಲಿ, ಮಗ ಪುಣೆಯಲ್ಲಿ. ಮನೆಯಲ್ಲಿ ಈಗ ನಾವಿಬ್ಬರೇ. ಇವರಿಗೆ ರಾತ್ರಿ ರಾಗಿ ಮುದ್ದೆ ಆಗಬೇಕು. ಅಕ್ಕಿ ತಿಂಗಳಿಗೆ 6 ಕೆಜಿ ಸಾಕು. ಆದರೂ ನಾನು ಮೂಟೆಯೇ ತರುತ್ತಿದ್ದೆ. ರೇಟಿಗೆ ಅಂತ ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಆದರೆ ಡಬ್ಬ ತುಂಬಿರಬೇಕು ಅನ್ನುವ ಆಸೆಯೂ ಅದರಲ್ಲಿ ಸೇರಿತ್ತು. ಖಾಲಿ ಡಬ್ಬ ನೋಡಿದರೆ ಮನೆ ಖಾಲಿ ಅನ್ನಿಸುತ್ತಿತ್ತು. ಇದು ಯಾವ ಬೆಲೆ ಚೀಟಿಯಲ್ಲೂ ಇರುವುದಿಲ್ಲ.

ವಾಪಸ್ ಬಂದ ಮೇಲೆ ಮಾವನವರ ಮಾತನ್ನು ಒಮ್ಮೆ ಪರೀಕ್ಷೆ ಮಾಡಿಯೇ ನೋಡೋಣ ಅಂದುಕೊಂಡೆ. ಅವರು ಅಕ್ಕಿ ಕೊಳ್ಳುವಾಗ ನಾಲ್ಕು ಕಾಳು ಬಾಯಿಗೆ ಹಾಕಿ ಕಡಿಯುತ್ತಿದ್ದರು. ಕಟ್ ಅಂದರೆ ಹಳೇ ಅಕ್ಕಿ, ಮೆತ್ತಗೆ ಪುಡಿಯಾದರೆ ಹೊಸದು. ಹಳೇ ಅಕ್ಕಿ ನೀರು ಜಾಸ್ತಿ ಹೀರುತ್ತದೆ, ಅರಳುತ್ತದೆ, ಒದಗುತ್ತದೆ. ಶೆಟ್ಟರ ಹತ್ತಿರ ಒಂದು ವರ್ಷದ ಹಳೇ ಸೋನಾ ಕೆಜಿಗೆ ₹66 ಇತ್ತು. ಹೋಲ್‌ಸೇಲ್‌ನಲ್ಲಿ ಹೊಸದು ಅದೇ ₹58. ಒಂದು ವಾರ ಹೊಸ ಅಕ್ಕಿ, ಒಂದು ವಾರ ಹಳೇ ಅಕ್ಕಿ. ಅತ್ತೆಯ ಕಾಲದ ಹಿತ್ತಾಳೆ ಪಾವಿನಲ್ಲೇ ಅಳೆದು ಹಾಕಿದೆ. ಇಬ್ಬರ ಊಟಕ್ಕೆ ಹೊಸ ಅಕ್ಕಿ 7 ಪಾವು ಹಿಡಿಯಿತು. ಹಳೆಯದು 6 ಪಾವಿಗೆ ವಾರ ಮುಗಿಯಿತು. ಏಳು ಐವತ್ತೆಂಟಲ 406. ಆರು ಅರವತ್ತಾರಲ 396. ಪಾವನ್ನು ಕೆಜಿ ರೇಟಿನಿಂದ ಗುಣಿಸಿದ್ದರಿಂದ ಇದು ರೂಪಾಯಿ ಅಲ್ಲ, ಎರಡನ್ನೂ ಹೋಲಿಸುವುದಕ್ಕೆ ಮಾತ್ರ. ₹8 ದುಬಾರಿ ಅಕ್ಕಿಯೇ ಅಗ್ಗವಾಗಿ ಬಿತ್ತು. ಅನ್ನವೂ ಉದುರುದುರಾಗಿತ್ತು. ಇವರು ಎರಡನೇ ಸಲ ಹಾಕಿಸಿಕೊಂಡು "ಅಪ್ಪ ಇದ್ದಿದ್ದರೆ ಈ ಅಕ್ಕೀನೇ ತರಿಸ್ತಿದ್ರು" ಅಂದರು.

ಹಾಗಂತ ಹೋಲ್‌ಸೇಲ್ ಅಂಗಡಿ ಬಿಟ್ಟಿಲ್ಲ. ಬಟ್ಟೆ ಸೋಪು, ಪಾತ್ರೆ ಸೋಪು, ಉಪ್ಪು, ಸಕ್ಕರೆ, ಫಿನಾಯಿಲ್ ಈಗಲೂ ಅಲ್ಲೇ. ಇವು ಕೆಡುವುದಿಲ್ಲ, ಹುಳ ಬೀಳುವುದಿಲ್ಲ, ಮನೆಯಲ್ಲಿ ಸೋಪು ಜಾಸ್ತಿ ಇದೆ ಅಂತ ಯಾರೂ ಎರಡು ಸಲ ಬಟ್ಟೆ ಒಗೆಯುವುದಿಲ್ಲ. ಎಣ್ಣೆ, ಕಡಲೆಬೀಜ, ಗೋಡಂಬಿ, ರವೆ, ಹಿಟ್ಟು ತಿಂಗಳಿಗೆ ಎಷ್ಟೋ ಅಷ್ಟೇ. ಎಣ್ಣೆ ಟಿನ್ ತೆರೆದಿಟ್ಟರೆ ನಮ್ಮಿಬ್ಬರಿಗೆ ಮುಗಿಯುವಷ್ಟರಲ್ಲಿ ಕಮಟು ಬರುತ್ತದೆ. ಖಾರಬೂಂದಿ, ಚಿಪ್ಸ್ ದೊಡ್ಡ ಪ್ಯಾಕು ತರುವುದೇ ಇಲ್ಲ. ಅವು ಇದ್ದಷ್ಟೂ ಖರ್ಚಾಗುತ್ತವೆ. ಅಲ್ಲಿ ಅಗ್ಗಕ್ಕೆ ಅರ್ಥವೇ ಇಲ್ಲ.

ಅಕ್ಕಿಯದು ಮಾತ್ರ ಬೇರೆ ದಾರಿ ಆಯಿತು. ಮಗಳಿಗೆ ಅಲ್ಲಿ ಇಬ್ಬರು ಕನ್ನಡದ ಗೆಳತಿಯರಿದ್ದಾರೆ. ಮೂರೂ ಮನೆಯವರು ಸೇರಿ ದೊಡ್ಡ ಪ್ಯಾಕು ತಂದು ಹಂಚಿಕೊಳ್ಳಲು ಶುರು ಮಾಡಿದ್ದಾರೆ ಅಂತ ಫೋನ್‌ನಲ್ಲಿ ಹೇಳಿದಳು. ಸೊಪ್ಪು, ಬಾದಾಮಿ, ಗೋಧಿ ಹಿಟ್ಟು ಎಲ್ಲ. ನಾನೂ ನಮ್ಮ ಮಹಡಿಯಲ್ಲಿ ಕೇಳಿದೆ. ಎದುರು ಮನೆಯವರು ನಾಲ್ಕು ಜನ. ಮೂಲೆ ಮನೆಯಲ್ಲಿ ಹಾಸನದ ಹುಡುಗಿಯರು ಮೂರು ಜನ ಸೇರಿ ಬಾಡಿಗೆಗಿದ್ದಾರೆ, ಕೆಲಸಕ್ಕೆ ಹೋಗುವವರು. ಎಲ್ಲರೂ ಆಗಲಿ ಅಂದರು. ಶೆಟ್ಟರೇ ಯಶವಂತಪುರದ ಎಪಿಎಂಸಿ ಯಾರ್ಡಿನಿಂದ ಒಂದು ವರ್ಷದ ಹಳೇ ಅಕ್ಕಿಯ ಮೂಟೆ ತರಿಸಿಕೊಟ್ಟರು. ಮೂಟೆ ಲೆಕ್ಕದಲ್ಲಿ ಕೆಜಿಗೆ ₹62 ಹಾಕಿಕೊಂಡರು. ಆಟೋ ಖರ್ಚೂ ಇಲ್ಲ. ಅವರ ಹುಡುಗನೇ ಸೈಕಲ್ ಮೇಲೆ ತಂದು ಮೇಲೆ ಹತ್ತಿಸಿದ.

ಹೋದ ಭಾನುವಾರ ಬಂದದ್ದು ಐದನೇ ಮೂಟೆ. ನಮ್ಮ ಹಾಲ್‌ನಲ್ಲಿ ಹಳೇ ಸೀರೆ ಹಾಸಿ ಹೊಲಿಗೆ ಬಿಚ್ಚಿದೆವು. ಎದುರು ಮನೆಯ ಮಗು ಅಕ್ಕಿಯಲ್ಲಿ ಕೈ ಮುಳುಗಿಸಿ ಕೂತಿತು. ಹುಡುಗಿಯರಲ್ಲಿ ಒಬ್ಬಳು ನಾಲ್ಕು ಕಾಳು ಬಾಯಿಗೆ ಹಾಕಿ ಕಡಿದು "ಆಂಟಿ, ಕಟ್ ಅಂತು" ಅಂದಳು. ನಾನೇ ಕಲಿಸಿದ್ದು. ಎದುರು ಮನೆಗೆ 10, ಹುಡುಗಿಯರಿಗೆ 10, ನಮಗೆ 6. ಇವರು ತೂಕ ಹಾಕಿ ಹೆಸರು ಬರೆದರು.

ನಮ್ಮ ಪಾಲು ಡಬ್ಬಕ್ಕೆ ಸುರಿದೆ. ಕಾಲು ಭಾಗವೂ ತುಂಬಲಿಲ್ಲ. ಬೇವಿನ ಸೊಪ್ಪು ಹಾಕಿ, ಪಾವು ಮೇಲಿಟ್ಟು ಮುಚ್ಚಿದೆ. ಮುಂದಿನ ವಾರ ಯಲಹಂಕದ ಅಂಗಡಿಗೆ ಹೋಗಿ ಚಿಕ್ಕ ಡಬ್ಬ ಒಂದು ನೋಡಬೇಕು. ಆ ದೊಡ್ಡ ಡಬ್ಬ ಹುಡುಗಿಯರು ಕೇಳಿದ್ದಾರೆ. ಅವರ ಮನೆಗೆ ಇನ್ನೊಬ್ಬಳು ಬರುತ್ತಿದ್ದಾಳಂತೆ.